ಫೋನ್ ಕದ್ದಾಲಿಕೆ: ಯಾರು ಕೇಳಬಹುದು, ಯಾರನ್ನು ಕೇಳಿ ಕೇಳಬೇಕು?

ಹೈಸ್ಕೂಲ್ ಮೇಡಂ
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಶುರುವಾದ ಒಂದು ಜಗಳವನ್ನ ಇಲ್ಲಿ ತಂದು ಹಾಕ್ತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ.

ನನ್ನ ತಮ್ಮ ಸೇನೆಯಲ್ಲಿದ್ದಾನೆ, ರಜೆಗೆ ಬಂದಿದ್ದ. ಹೊಸ ಫೋನ್‌ಗಳಲ್ಲೆಲ್ಲ ನಕಲಿ ಸಿಮ್, ಕಳುವಾದ ಫೋನ್ ಪತ್ತೆಗೆ ಅಂತ ಸರ್ಕಾರ ಮಾಡಿದ ಸಂಚಾರ್ ಸಾಥಿ ಆ್ಯಪ್ ಮೊದಲೇ ಇರಬೇಕು ಅಂತ 2025ರ ನವೆಂಬರ್ ಕೊನೆಗೆ ಆದೇಶ ಬಂದು, ವಾರ ತುಂಬೋದರೊಳಗೆ ವಾಪಸಾಯ್ತಲ್ಲ, ಆ ಮಾತು ಬಂತು. "ವಾಪಸ್ ತಗೊಂಡಿದ್ದು ಒಳ್ಳೇದಾಯ್ತು" ಅಂದೆ, ಅಷ್ಟೇ. ಅವನು ಕಲಸಿದ ಅನ್ನ ಹಾಗೇ ಬಿಟ್ಟ. "ಅಕ್ಕಾ, ತಪ್ಪು ಮಾಡದೋರಿಗೆ ಯಾಕೆ ಭಯ? ಒಂದು ಫೋನ್ ಸಂಭಾಷಣೆ ಮೊದಲೇ ಸಿಕ್ಕಿದ್ದಿದ್ರೆ ನನ್ನ ಜೊತೆಯವನು ಇವತ್ತು ಬದುಕಿರ್ತಿದ್ದ" ಅಂದ. ನನ್ನ ಬಾಯಿ ಕಟ್ಟಿಹೋಯ್ತು.

ಮಾರನೇ ದಿನ ಒಂಬತ್ತನೇ ಕ್ಲಾಸಿನಲ್ಲಿ ಮೂಲಭೂತ ಹಕ್ಕುಗಳ ಪಾಠ. ಹಿಂದಿನ ಬೆಂಚಿನ ಹುಡುಗಿ ಎದ್ದು "ಮಿಸ್, ಪೊಲೀಸರು ನಮ್ಮ ವಾಟ್ಸ್‌ಆ್ಯಪ್ ಓದಬಹುದಾ?" ಅಂತ ಕೇಳಿದಳು. ನಾಳೆ ಹೇಳ್ತೀನಿ ಅಂದೆ. ಆ ನಾಳೆ ಬಂದು ವಾರ ಆಯ್ತು.

ನನಗೆ ಭಾಷಣ ಬೇಡ. ನನ್ನ ಫೋನನ್ನು ಯಾರು ಕೇಳಬಹುದು? ಅವರಿಗೆ ಅನುಮತಿ ಕೊಡೋರು ಯಾರು? ಆ ಅನುಮತಿ ಸರಿಯಾಗಿತ್ತಾ ಅಂತ ನೋಡೋರು ಯಾರು? ಗೊತ್ತಿರೋರು ದಯವಿಟ್ಟು ಹೇಳಿ.

ಗಡಿನಾಡು
ಮೇಡಂ, ನಿಮ್ಮ ತಮ್ಮ ಹೇಳಿದ್ದು ಸರಿ. ನಾನೂ ಸೇವೆಯಲ್ಲಿದ್ದು ಬಂದವನು. 2008ರ ಮುಂಬೈ ದಾಳಿ ನೆನಪಿಸ್ಕೊಳ್ಳಿ, 166 ಜನ ಹೋದರು. ಒಳಗಿದ್ದ ಹಂತಕರಿಗೆ ಗಡಿಯಾಚೆ ಕೂತವರು ಇಂಟರ್ನೆಟ್ ಕರೆಯಲ್ಲಿ ಕ್ಷಣಕ್ಷಣಕ್ಕೂ ಸೂಚನೆ ಕೊಡ್ತಿದ್ದರು. ಆ ಕರೆಗಳು ನಮ್ಮವರ ಕಿವಿಗೆ ಬಿದ್ದವು, ರೆಕಾರ್ಡ್ ಆದವು, ಮುಂದೆ ಕೋರ್ಟಿನಲ್ಲಿ ಸಾಕ್ಷಿಯಾದವು. ಒಳಗೆ ಇದ್ದಿದ್ದು ಸ್ಥಳೀಯ ಪುಂಡರಲ್ಲ, ಹೊರಗಿಂದ ಆಡಿಸೋರಿದ್ದಾರೆ ಅಂತ ಜಗತ್ತಿಗೆ ತೋರಿಸೋಕೆ ಆಗಿದ್ದು ಅದರಿಂದ. ಕದ್ದು ಕೇಳೋದು ಪಾಪ ಅನ್ನೋರು ಅದನ್ನೊಮ್ಮೆ ಯೋಚಿಸಬೇಕು.

ಪತ್ರಿಕೆ ಓದುಗ
ಪಾಪ ಅಂತ ಯಾರೂ ಅಂದಿಲ್ಲ ಸರ್. ಅವತ್ತು ಕೇಳಿದ್ದು ದಾಳಿ ಮಾಡ್ತಿದ್ದವರ ನಂಬರ್. ಇಡೀ ದೇಶದ ನಂಬರ್ ಅಲ್ಲ.

ಕಪ್ಪುಕೋಟು
ಮೇಡಂ ಕೇಳಿದ್ದಕ್ಕೆ ನೇರ ಉತ್ತರ ಕೊಡ್ತೀನಿ, ವಕೀಲಿಕೆ ನನ್ನ ಅನ್ನ.

ಮೂಲ ಅಧಿಕಾರ 1885ರ ಟೆಲಿಗ್ರಾಫ್ ಕಾಯ್ದೆಯ ಸೆಕ್ಷನ್ 5(2). ಬ್ರಿಟಿಷರು ತಂತಿ ಸಂದೇಶಕ್ಕೆ ಬರೆದಿದ್ದು. "ಸಾರ್ವಜನಿಕ ತುರ್ತು" ಅಥವಾ "ಸಾರ್ವಜನಿಕ ಸುರಕ್ಷತೆ" ಇದ್ದರೆ ಸರ್ಕಾರ ಸಂದೇಶ ತಡೆದು ನೋಡಬಹುದು. ಹೇಗೆ, ಎಷ್ಟು ದಿನ, ಯಾರ ಸಹಿ ಅನ್ನೋದಕ್ಕೆ ನೂರು ವರ್ಷ ದಾಟಿದರೂ ನಿಯಮವೇ ಇರಲಿಲ್ಲ. 1996ರ ಡಿಸೆಂಬರ್‌ನಲ್ಲಿ ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಗೆರೆ ಹಾಕಿತು: ಕೇಂದ್ರದಲ್ಲಾದರೆ ಗೃಹ ಕಾರ್ಯದರ್ಶಿ, ರಾಜ್ಯದಲ್ಲಾದರೆ ರಾಜ್ಯದ ಗೃಹ ಕಾರ್ಯದರ್ಶಿ ಆದೇಶ ಮಾಡಬೇಕು, ಸಮಿತಿಯೊಂದು ಪರಿಶೀಲಿಸಬೇಕು. 2007ರಲ್ಲಿ ಅದು ಟೆಲಿಗ್ರಾಫ್ ನಿಯಮಾವಳಿಯ 419ಎ ನಿಯಮವಾಯ್ತು. ಒಂದು ಆದೇಶಕ್ಕೆ 60 ದಿನ ಆಯಸ್ಸು, ಮುಂದುವರಿಸಿದರೂ ಒಟ್ಟು 180 ದಿನ ಮೀರಬಾರದು. ಈಗ 2023ರ ದೂರಸಂಪರ್ಕ ಕಾಯ್ದೆ ಬಂದು, 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮ ಬಂದಿದೆ. ಚೌಕಟ್ಟು ಹೆಚ್ಚುಕಡಿಮೆ ಹಳೇದೇ.

ಇಂಟರ್ನೆಟ್ ಕಡೆಗೆ ಐಟಿ ಕಾಯ್ದೆಯ ಸೆಕ್ಷನ್ 69. ಇದು ಇನ್ನೂ ಅಗಲ. "ಸಾರ್ವಜನಿಕ ತುರ್ತು" ಅನ್ನೋ ಹೊಸ್ತಿಲೇ ಇಲ್ಲಿಲ್ಲ, ಯಾವುದೇ ಅಪರಾಧದ ತನಿಖೆಗೂ ಬಳಸಬಹುದು. 2018ರ ಡಿಸೆಂಬರ್ 20ರ ಆದೇಶದಲ್ಲಿ 10 ಸಂಸ್ಥೆಗಳಿಗೆ ಆ ಅಧಿಕಾರ ಕೊಟ್ಟರು.

ಈಗ ಮೂರನೇ ಪ್ರಶ್ನೆ, ನೋಡೋರು ಯಾರು. ಟೆಲಿಗ್ರಾಫ್ ನಿಯಮದ ಪ್ರಕಾರ ಕೇಂದ್ರದ ಸಮಿತಿಗೆ ಸಂಪುಟ ಕಾರ್ಯದರ್ಶಿ ಅಧ್ಯಕ್ಷರು, ರಾಜ್ಯದ್ದಕ್ಕೆ ಮುಖ್ಯ ಕಾರ್ಯದರ್ಶಿ, ಜೊತೆಗೆ ಇನ್ನಿಬ್ಬರು ಕಾರ್ಯದರ್ಶಿಗಳು. ಅಂದರೆ ಸಹಿ ಹಾಕಿದ್ದೂ ಅಧಿಕಾರಿ, ಸಹಿ ಸರಿಯಾ ಅಂತ ನೋಡೋದೂ ಅಧಿಕಾರಿ. ನ್ಯಾಯಾಧೀಶರು ಎಲ್ಲೂ ಇಲ್ಲ. ಕೇಳಿಸ್ಕೊಂಡವನಿಗೆ ಆಮೇಲಾದರೂ ತಿಳಿಸಬೇಕು ಅನ್ನೋ ನಿಯಮವೂ ಇಲ್ಲ. ನನ್ನ ತಕರಾರೆಲ್ಲ ಇಲ್ಲಿ. ಕೇಳಬೇಡಿ ಅಂತ ನಾನು ಯಾವತ್ತೂ ಹೇಳಿಲ್ಲ.

ಇನ್ನೊಂದು. ಡೇಟಾ ರಕ್ಷಣೆ ಕಾನೂನಿಗಾಗಿ ಕೇಂದ್ರ ನೇಮಿಸಿದ್ದ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ 2018ರ ವರದಿಯಲ್ಲಿ ಬರೆದಿದೆ: ಎರಡು ತಿಂಗಳಿಗೊಮ್ಮೆ ಸೇರೋ ಈ ಪರಿಶೀಲನಾ ಸಮಿತಿ ಮುಂದೆ ಪ್ರತಿ ಸಭೆಗೆ 15,000ದಿಂದ 18,000 ಆದೇಶ ಇರ್ತಾವೆ.

ಮಲಪ್ರಭಾ ದಂಡಿ
ನಾ ಒಂದ ಲೆಕ್ಕಾ ಹಾಕಿ ನೋಡ್ದೆ ರೀ. ಒಂದೊಂದ ಆದೇಶಕ್ಕ ಒಂದ ನಿಮಿಷ ಹಿಡದ್ರೂ 15,000ಕ್ಕ 250 ತಾಸು ಬೇಕು. ದಿನಾ ಎಂಟ ತಾಸು ಕುಂತ್ರೂ ತಿಂಗಳಾ ದಾಟತೈತಿ. ಅವ್ರಿಗೆ ಬ್ಯಾರೆ ಕೆಲಸಾನೂ ಇರ್ತಾವಲ್ರೀ. ಓದೂದು ಎಲ್ಲಿಂದ ಬಂತು?

ಹಳೇ ಎಕ್ಸ್‌ಚೇಂಜ್
ನಾನು ಟೆಲಿಫೋನ್ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ನಮ್ಮ ಕಾಲದ್ದು ಹೇಳ್ತೀನಿ, ಯಾಕಂದ್ರೆ ಈಗಿನವರಿಗೆ ಇದು ಕಣ್ಣಿಗೆ ಕಟ್ಟಲ್ಲ.

ಎಂಡಿಎಫ್ ಅಂತ ಒಂದು ಉದ್ದನೆ ಕೋಣೆ. ಊರಿನ ಪ್ರತಿ ಫೋನಿನ ಜೋಡಿ ತಂತಿ ಬಂದು ಸೇರೋದು ಅಲ್ಲಿ. ಕಬ್ಬಿಣದ ಚೌಕಟ್ಟಿನ ಮೇಲೆ ಸಾಲುಸಾಲು ಟ್ಯಾಗ್, ಅವುಗಳ ಮಧ್ಯೆ ಜಡೆ ಹೆಣೆದ ಹಾಗೆ ಜಂಪರ್ ವೈರ್. ಲೈನ್ ಕೆಟ್ಟಿದೆ ಅಂತ ದೂರು ಬಂದರೆ ಆ ಜೋಡಿಗೆ ಎರಡು ಕ್ಲಿಪ್ ಕಚ್ಚಿಸಿ ಕಿವಿಗೆ ಹಿಡಿಯೋದು. ಕೆಲವು ಸಲ ಅಲ್ಲಿ ಮಾತು ನಡೀತಿರುತ್ತಿತ್ತು. ಒಂದು ರಾತ್ರಿ ಪಾಳಿಯಲ್ಲಿ ಕ್ಲಿಪ್ ಹಾಕಿದ ತಕ್ಷಣ ಒಬ್ಬ ಹೆಣ್ಣುಮಗಳು ತಾಯಿ ಹತ್ತಿರ ಅಳ್ತಿದ್ದದ್ದು ಕೇಳಿಸ್ತು. ಗಂಡನ ಮನೆಯಲ್ಲಿ ಹೊಡೀತಾರೆ ಅಂತ. ಎರಡೇ ಸೆಕೆಂಡು. ಕ್ಲಿಪ್ ಕಿತ್ತೆ. ಆದರೆ ಅದು ಯಾರ ಮನೆ ನಂಬರ್ ಅಂತ ನನಗೆ ಗೊತ್ತಿತ್ತು. ಮುಂದೆ ಎಷ್ಟೋ ತಿಂಗಳು ಆ ರಸ್ತೆಯಲ್ಲಿ ಹೋಗುವಾಗ ಆ ಮನೆ ಕಡೆ ನೋಡೋಕೆ ನನಗೆ ಆಗ್ತಿರಲಿಲ್ಲ. ತಪ್ಪು ಮಾಡದವರಿಗೆ ಯಾಕೆ ಭಯ ಅಂತ ಕೇಳ್ತಾರಲ್ಲ, ಆ ಹುಡುಗಿ ಏನು ತಪ್ಪು ಮಾಡಿದ್ದಳು? ಅವಳು ಮುಚ್ಚಿಟ್ಟಿದ್ದು ಅವಳ ನೋವನ್ನ.

ಆಗ ಕದ್ದು ಕೇಳಬೇಕಾದರೆ ಒಂದು ಲೈನಿಗೆ ಒಂದು ಹೆಡ್‌ಫೋನ್, ಒಬ್ಬ ಮನುಷ್ಯ ಬೇಕಿತ್ತು. ಎಷ್ಟು ಜನರನ್ನ ಕೇಳಬಹುದು ಅನ್ನೋದಕ್ಕೆ ಅದೇ ಮಿತಿಯಾಗಿತ್ತು. ಈಗ ಆ ಮಿತಿ ಹೋಗಿದೆ, ಸಹಿ ಮಾತ್ರ ಹಳೇದೇ.

ಪತ್ರಿಕೆ ಓದುಗ
ಸರ್, ಓದಿ ಸುಮ್ಮನೆ ಕೂತುಬಿಟ್ಟೆ.
ನಮ್ಮ ರಾಜ್ಯಕ್ಕೇನು ಇದು ಹೊಸದಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟಿದ್ದೇ ಫೋನ್ ಕದ್ದಾಲಿಕೆ ಆರೋಪದ ಮೇಲೆ. ಕೇಳಿಸ್ಕೊಂಡಿದ್ದಾರೆ ಅಂತ ಸುದ್ದಿಯಾಗಿದ್ದು ಭಯೋತ್ಪಾದಕರದ್ದಲ್ಲ, ರಾಜಕಾರಣಿಗಳ ಫೋನು.

ಗಡಿನಾಡು
ಎಕ್ಸ್‌ಚೇಂಜ್ ಸರ್, ನಿಮ್ಮ ಮಾತಿಗೆ ತಲೆಬಾಗ್ತೀನಿ. ಆದ್ರೂ ಕಪ್ಪುಕೋಟು ಅವರಿಗೆ ಒಂದು ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಸುಳಿವು ಸಿಕ್ಕಿದೆ, ಬೆಳಗ್ಗೆ ಆರಕ್ಕೆ ಬಾಂಬ್ ಇಡ್ತಾರೆ. ನ್ಯಾಯಾಧೀಶರ ಮನೆ ಬಾಗಿಲು ತಟ್ಟಿ ಅರ್ಜಿ ಕೊಡ್ತಾ ಕೂರಬೇಕಾ?

ಕಪ್ಪುಕೋಟು
ಬೇಡ. 419ಎ ನಿಯಮದಲ್ಲೇ ಅದಕ್ಕೆ ದಾರಿ ಇತ್ತು. ತುರ್ತು ಇದ್ದರೆ ಐಜಿಪಿ ದರ್ಜೆಯ ಅಧಿಕಾರಿ ತಕ್ಷಣ ಶುರು ಮಾಡಬಹುದು, ಮೂರು ಕೆಲಸದ ದಿನದೊಳಗೆ ಮೇಲಕ್ಕೆ ತಿಳಿಸಬೇಕು, ಏಳು ಕೆಲಸದ ದಿನದೊಳಗೆ ದೃಢೀಕರಣ ಸಿಗದಿದ್ದರೆ ನಿಲ್ಲಿಸಬೇಕು. ನಾನು ಕೇಳ್ತಿರೋದು ಆ ದೃಢೀಕರಣ ಗೃಹ ಕಾರ್ಯದರ್ಶಿ ಬದಲು ನ್ಯಾಯಾಧೀಶರಿಂದ ಬರಲಿ ಅಂತ ಮಾತ್ರ. ಬ್ರಿಟನ್‌ನಲ್ಲಿ 2016ರ ಕಾಯ್ದೆ ಪ್ರಕಾರ ಮಂತ್ರಿ ಸಹಿ ಹಾಕಿದ ಮೇಲೆ ನ್ಯಾಯಾಂಗದ ಕಮಿಷನರ್ ಒಪ್ಪಬೇಕು. ತುರ್ತಿದ್ದರೆ ಮೊದಲು ಶುರು, ಮೂರು ಕೆಲಸದ ದಿನದೊಳಗೆ ಪರಿಶೀಲನೆ. ಅವರಿಗೂ ಬಾಂಬಿನ ಭಯ ಇದೆ, ಅವರೂ ರಾತ್ರಿ ಎರಡಕ್ಕೆ ಕೆಲಸ ಮಾಡ್ತಾರೆ.

ಮಳೆಗಾಲ
ನೀವೆಲ್ಲ ಸರ್ಕಾರ ಸರ್ಕಾರ ಅಂತಿದ್ದೀರಿ, ನಮ್ಮ ಮನೆಗೆ ಬೆಂಕಿ ಬಿದ್ದಿದ್ದು ಬೇರೆ ಕಡೆಯಿಂದ. ನಮ್ಮ ಮಾವನವರಿಗೆ "ಡಿಜಿಟಲ್ ಅರೆಸ್ಟ್" ಅಂತ ವಿಡಿಯೋ ಕಾಲ್ ಬಂತು. ಪೊಲೀಸ್ ಯೂನಿಫಾರ್ಮ್, ಹಿಂದೆ ಠಾಣೆಯಂಥ ಗೋಡೆ. ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ ಅಂತ ಅವರಿಗೇನು ಗೊತ್ತು? ಐದು ಗಂಟೆ ಕುರ್ಚಿಯಿಂದ ಏಳಿಸಲಿಲ್ಲ, ನೀರು ಕುಡಿಯೋಕೂ ಕ್ಯಾಮೆರಾ ಮುಂದೆಯೇ. ಅವರು ನಂಬಿದ್ದು ಯಾಕೆ ಗೊತ್ತಾ? ಆ ಕಡೆಯವನು ಪೂರ್ತಿ ಹೆಸರು, ಹುಟ್ಟಿದ ತಾರೀಖು, ಆಧಾರ್‌ನ ಕೊನೆ ನಾಲ್ಕು ಅಂಕಿ, ಹಳೇ ಮನೆ ವಿಳಾಸ ಎಲ್ಲ ಪಟಪಟ ಹೇಳಿದ. ಇಷ್ಟೆಲ್ಲ ಪೊಲೀಸರಿಗಲ್ಲದೆ ಯಾರಿಗೆ ಗೊತ್ತಿರುತ್ತೆ ಅಂದ್ಕೊಂಡರಂತೆ. ನಾವು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡೋ ಹೊತ್ತಿಗೆ ಅರ್ಧ ದುಡ್ಡು ಹೋಗಿತ್ತು, ಉಳಿದರ್ಧ ತಡೆಹಿಡಿದ್ರು. ಈಗಲೂ ಫೋನ್ ರಿಂಗಾದ್ರೆ ಅವರ ಕೈ ನಡುಗುತ್ತೆ.

ಆ ವಿವರ ಎಲ್ಲಿಂದ ಸೋರಿತು ಅಂತ ಇವತ್ತಿಗೂ ಗೊತ್ತಾಗಿಲ್ಲ. ಸೋರಿಸಿದವರು ನಮಗೆ ಹೇಳಲೂ ಇಲ್ಲ.

ಮಲಪ್ರಭಾ ದಂಡಿ
ಅಯ್ಯ, ಭಾಳ ಕೆಟ್ಟ ಅನಸ್ತು. 1930ಕ್ಕ ಮೊದಲನೇ ತಾಸಿನ್ಯಾಗ ಫೋನ್ ಮಾಡಬೇಕ್ರೀ, ಎಲ್ಲಾರಿಗೂ ಹೇಳ್ರಿ. ತಡಾ ಮಾಡಿದಷ್ಟ ರೊಕ್ಕಾ ಖಾತೆದಿಂದ ಖಾತೆಕ್ಕ ಹಾರತೈತಿ.

ಗಡಿನಾಡು
ಅದಕ್ಕೇ ಸಂಚಾರ್ ಸಾಥಿ ಬೇಕು ಅನ್ನೋದು! ನಕಲಿ ಸಿಮ್ ಇಲ್ಲದೆ ಈ ದಂಧೆ ನಡೆಯಲ್ಲ.

ಮಳೆಗಾಲ
ಒಪ್ತೀನಿ. ಅದರ ವೆಬ್‌ಸೈಟಿನಲ್ಲಿ ನಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ನೋಡಬಹುದು. ನೋಡಿದೆ, ನನ್ನ ಹೆಸರಲ್ಲಿ ನಾನು ತಗೊಳ್ಳದ ಎರಡು ನಂಬರ್ ಇದ್ದವು, "ಇದು ನನ್ನದಲ್ಲ" ಅಂತ ದೂರು ಕೊಟ್ಟೆ. ಉಪಯೋಗದ ವ್ಯವಸ್ಥೆ. ಆದರೆ ಅದನ್ನ ನಾನೇ ಹೋಗಿ ತೆರೆದೆ, ಕೆಲಸ ಮುಗಿದ ಮೇಲೆ ಮುಚ್ಚಿದೆ. ತೆಗೆಯೋಕೇ ಬಾರದ ಹಾಗೆ ಫೋನಿನಲ್ಲಿ ಕೂರಿಸೋದು ಬೇರೆ ಮಾತು.

ನೆಟ್‌ವರ್ಕ್ ಹುಡುಗ
ಮೇಡಂ ಅವರ ಕ್ಲಾಸಿನ ಹುಡುಗಿಗೆ ಉತ್ತರ ಇನ್ನೂ ಸಿಕ್ಕಿಲ್ಲ, ನಾನು ಕೊಡ್ತೀನಿ. ನೆಟ್‌ವರ್ಕ್ ಭದ್ರತೆ ನನ್ನ ಕೆಲಸ.

ವಾಟ್ಸ್‌ಆ್ಯಪ್ ಸಂದೇಶ ನಿಮ್ಮ ಫೋನಿನಲ್ಲೇ ಬೀಗ ಹಾಕಿಸ್ಕೊಂಡು ಹೊರಡುತ್ತೆ, ಪಡೆಯೋರ ಫೋನಿನಲ್ಲೇ ಬಿಚ್ಚಿಕೊಳ್ಳುತ್ತೆ. ಮಧ್ಯದಲ್ಲಿ ಹಿಡಿದರೆ ಕಂಪನಿಗೂ ಪೊಲೀಸರಿಗೂ ಸಿಗೋದು ಅರ್ಥವಿಲ್ಲದ ಅಕ್ಷರ. ಆದರೆ ಯಾರು ಯಾರಿಗೆ, ಯಾವಾಗ, ಎಷ್ಟು ಸಲ ಕಳಿಸಿದರು ಅನ್ನೋದು ಹಾಗೆ ಮುಚ್ಚಿರಲ್ಲ. ಫೋನೇ ಕೈಗೆ ಸಿಕ್ಕಿ ಲಾಕ್ ತೆರೆದರೆ ಎಲ್ಲ ಓದಬಹುದು. ಬ್ಯಾಕಪ್‌ಗೆ ಬೀಗದ ಆಯ್ಕೆ ಆನ್ ಮಾಡಿರದಿದ್ದರೆ ಅದೂ ಒಂದು ಬಾಗಿಲು. ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್, ಅದರೊಳಗೆ ಚಾಟ್ ಬ್ಯಾಕಪ್, ಅಲ್ಲಿ ಎನ್‌ಕ್ರಿಪ್ಷನ್ ಅಂತಿದೆ, ಈ ಬೀಗದ ಹೆಸರೇ ಅದು. ಇವತ್ತೇ ನೋಡಿ.

2021ರ ಐಟಿ ನಿಯಮದಲ್ಲಿ "ಸಂದೇಶ ಮೊದಲು ಯಾರು ಕಳಿಸಿದ್ದು ಅಂತ ಹೇಳಬೇಕು" ಅಂತಿದೆ. ವಾಟ್ಸ್‌ಆ್ಯಪ್ ದೆಹಲಿ ಹೈಕೋರ್ಟಿಗೆ ಹೋಯ್ತು. ಬೀಗ ಒಡೀರಿ ಅಂದರೆ ಭಾರತ ಬಿಟ್ಟು ಹೋಗ್ತೀವಿ ಅಂತ 2024ರ ಏಪ್ರಿಲ್‌ನಲ್ಲಿ ಅವರ ವಕೀಲರು ಕೋರ್ಟಿನಲ್ಲೇ ಹೇಳಿದರು.

ಈಗ ಗಡಿನಾಡು ಸರ್‌ಗೆ. ಸರ್ಕಾರಕ್ಕೆ ಅಂತ ಒಂದು ಹಿಂಬಾಗಿಲು ಇಟ್ಟರೆ ಏನಾಗುತ್ತೆ ಅನ್ನೋದು ಊಹೆಯಲ್ಲ, ಎರಡು ಸಲ ಕಣ್ಣೆದುರೇ ಆಗಿದೆ. ಗ್ರೀಸ್‌ನಲ್ಲಿ 2004-05ರಲ್ಲಿ ವೊಡಾಫೋನ್ ಜಾಲದೊಳಗಿದ್ದ ಕಾನೂನುಬದ್ಧ ಕದ್ದಾಲಿಕೆ ವ್ಯವಸ್ಥೆಯನ್ನೇ ಯಾರೋ ಕಳ್ಳತನದಿಂದ ಚಾಲೂ ಮಾಡಿ, ಪ್ರಧಾನಿಯೂ ಸೇರಿ ಸುಮಾರು ನೂರು ಜನರ ಫೋನ್ ತಿಂಗಳುಗಟ್ಟಲೆ ಕೇಳಿದರು. 2024ರಲ್ಲಿ ಅಮೆರಿಕದಲ್ಲಿ "ಸಾಲ್ಟ್ ಟೈಫೂನ್" ಅನ್ನೋ ಚೀನಾ ಹ್ಯಾಕರ್‌ಗಳು ಟೆಲಿಕಾಂ ಕಂಪನಿಗಳೊಳಗೆ ನುಗ್ಗಿದಾಗ, ಕೋರ್ಟ್ ಆದೇಶದ ಕದ್ದಾಲಿಕೆಗೆ ಇಟ್ಟಿದ್ದ ವ್ಯವಸ್ಥೆಗೂ ಕೈ ಹಾಕಿದ್ದರು. ಆಮೇಲೆ ಏನಾಯ್ತು ನೋಡಿ. ವರ್ಷಗಟ್ಟಲೆ ಎನ್‌ಕ್ರಿಪ್ಷನ್ ಬಗ್ಗೆ ತಕರಾರು ಮಾಡ್ತಿದ್ದ ಎಫ್‌ಬಿಐನ ಅಧಿಕಾರಿಗಳೇ ಬೀಗವಿರೋ ಆ್ಯಪ್ ಬಳಸಿ ಅಂತ ಜನಕ್ಕೆ ಹೇಳಬೇಕಾಯ್ತು.

ಗಡಿನಾಡು
ಸಾಲ್ಟ್ ಟೈಫೂನ್ ವಿಷಯ ನನಗೆ ಇಷ್ಟು ವಿವರವಾಗಿ ಗೊತ್ತಿರಲಿಲ್ಲ. ಶತ್ರು ಅದೇ ಬಾಗಿಲಿನಿಂದ ಬರ್ತಾನೆ ಅನ್ನೋದು ಸೈನಿಕನಿಗೆ ಬೇಗ ಅರ್ಥವಾಗೋ ಮಾತು. ಸ್ಟ್ರಾವಾ ಅನ್ನೋ ಓಟದ ಆ್ಯಪ್ 2017ರ ನವೆಂಬರ್‌ನಲ್ಲಿ ಹಾಕಿದ ನಕ್ಷೆಯನ್ನ 2018ರಲ್ಲಿ ಜನ ಗಮನಿಸಿದಾಗ, ಸೈನಿಕರು ಬೆಳಗ್ಗೆ ಓಡಿದ ಗೆರೆಗಳಿಂದಲೇ ವಿದೇಶಗಳಲ್ಲಿದ್ದ ಅಮೆರಿಕದ ನೆಲೆಗಳು ಬಯಲಾದವು. ನಮ್ಮ ಸೇನೆಯೂ 2020ರ ಜುಲೈಯಲ್ಲಿ 89 ಆ್ಯಪ್ ಅಳಿಸಿ ಅಂತ ಸಿಬ್ಬಂದಿಗೆ ಹೇಳಿತು, ಫೇಸ್‌ಬುಕ್ ಕೂಡ ಅದರಲ್ಲಿತ್ತು.

ಹಾಗಂತ ಎನ್‌ಕ್ರಿಪ್ಷನ್ ಹಿಂದೆ ಅವಿತುಕೊಳ್ಳೋ ಉಗ್ರರನ್ನ ಬಿಟ್ಟುಬಿಡಬೇಕಾ? ಅದಕ್ಕೆ ಉತ್ತರ ಹೇಳಿ.

ನೆಟ್‌ವರ್ಕ್ ಹುಡುಗ
ಬಿಡಬಾರದು. ಅನುಮಾನ ಇರೋ ಆ ಒಂದು ಫೋನಿನ ಹಿಂದೆ ಬೀಳಿ, ಆ ಒಬ್ಬನ ಸಂಪರ್ಕ, ಓಡಾಟ, ದುಡ್ಡಿನ ದಾರಿ ಹಿಡೀರಿ. ಕಷ್ಟದ ಕೆಲಸ, ಜನ ಬೇಕು, ಸಮಯ ಬೇಕು. ಅಮೆರಿಕ ಎಲ್ಲರ ಕರೆ ದಾಖಲೆಯನ್ನೂ ರಾಶಿ ಹಾಕಿಟ್ಟಿದ್ದು ಅಲ್ಲಿನ ಗುಪ್ತಚರ ಸಂಸ್ಥೆಯ ರಹಸ್ಯ ಬಯಲು ಮಾಡಿದ ಸ್ನೋಡೆನ್‌ನಿಂದ 2013ರಲ್ಲಿ ಗೊತ್ತಾಯ್ತಲ್ಲ. ಅವರದೇ ಸರ್ಕಾರದ ಮೇಲ್ವಿಚಾರಣಾ ಮಂಡಳಿ 2014ರ ಜನವರಿಯಲ್ಲಿ ಪರಿಶೀಲಿಸಿ, ಆ ರಾಶಿಯಿಂದ ಭಯೋತ್ಪಾದನೆಯ ತನಿಖೆಯೊಂದರ ಫಲಿತಾಂಶ ಬದಲಾದ ಒಂದೇ ಒಂದು ಉದಾಹರಣೆಯೂ ಸಿಗಲಿಲ್ಲ ಅಂತ ಬರೆಯಿತು.

ಪತ್ರಿಕೆ ಓದುಗ
ಖಾಸಗಿತನ ಮೂಲಭೂತ ಹಕ್ಕು ಅಂತ 2018ರ ಆಧಾರ್ ತೀರ್ಪಿನಲ್ಲಿ ಹೇಳಿದ್ದಾರಲ್ಲ, ಅದು ಈ ಸೆಕ್ಷನ್ 69ಕ್ಕೆ ಅನ್ವಯ ಆಗಲ್ವಾ?

ಕಪ್ಪುಕೋಟು
ಸಣ್ಣ ತಿದ್ದುಪಡಿ. ಹಕ್ಕು ಅಂತ ಹೇಳಿದ್ದು 2017ರ ಆಗಸ್ಟ್ 24ರ ತೀರ್ಪು, ಒಂಬತ್ತು ನ್ಯಾಯಮೂರ್ತಿಗಳು, ಒಮ್ಮತದಿಂದ. 2018ರದ್ದು ಅದಾದ ಮೇಲಿನ ಐವರ ಪೀಠದ್ದು. ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕುವಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ಮನೆಯಲ್ಲಿ ಹಾಯಾಗಿ ಕೂರಬಹುದಿತ್ತು. 2024ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಮೇಡಂ, ಮಕ್ಕಳಿಗೆ ಈ ಹೆಸರು ಹೇಳಿಕೊಡಿ.

ಆ ತೀರ್ಪಿನಲ್ಲೂ ಹಕ್ಕು ಪರಿಪೂರ್ಣ ಅಂತ ಹೇಳಿಲ್ಲ. ಸರ್ಕಾರ ಒಳಗೆ ಬರಬಹುದು, ಆದರೆ ಕಾನೂನು ಇರಬೇಕು, ಉದ್ದೇಶ ನ್ಯಾಯವಾಗಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಒಳಗೆ ಬರಬೇಕು. 69ಕ್ಕೂ ಇದೇ ಅಳತೆಗೋಲು ಹಿಡಿಯಬೇಕು ಅನ್ನೋದೇ ನಮ್ಮ ವಾದ.

ಮಳೆಗಾಲ
ಹೊಸ ಡೇಟಾ ಕಾನೂನು ಬಂದಿದೆಯಲ್ಲ? 250 ಕೋಟಿ ದಂಡ ಅಂತ ಓದಿದ್ದೆ.

ಕಪ್ಪುಕೋಟು
2023ರ ಡಿಪಿಡಿಪಿ ಕಾಯ್ದೆ, ಅಂದರೆ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಹಂತಹಂತವಾಗಿ ಜಾರಿ. ನಿಮ್ಮ ಮಾವನವರಿಗೆ ಆದಂಥದ್ದಕ್ಕೆ ಮುಂದೆ ಇದು ಸ್ವಲ್ಪ ಆಸರೆ: ಮಾಹಿತಿ ಸೋರಿದರೆ ಕಂಪನಿ ಮುಚ್ಚಿಡುವ ಹಾಗಿಲ್ಲ, ನಿಮಗೂ ತಿಳಿಸಬೇಕು. 250 ಕೋಟಿ ರೂಪಾಯಿ ಅನ್ನೋದು ಗರಿಷ್ಠ ದಂಡ. ಆದರೆ ಸೆಕ್ಷನ್ 17(2)(ಎ) ಓದಿ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಕ್ಕೆ ಕೇಂದ್ರ ತನ್ನ ಯಾವ ಸಂಸ್ಥೆಯನ್ನಾದರೂ ಅಧಿಸೂಚನೆ ಹೊರಡಿಸಿ ಕಾಯ್ದೆಯಿಂದಲೇ ಹೊರಗಿಡಬಹುದು. ಕಂಪನಿಗೆ ಕಟ್ಟುನಿಟ್ಟು, ಸರ್ಕಾರಕ್ಕೆ ಒಂದು ಕಾಗದದಲ್ಲಿ ವಿನಾಯಿತಿ. ಇದು ನನಗೆ ಒಪ್ಪಿಗೆಯಿಲ್ಲ.

ಹಳೇ ಎಕ್ಸ್‌ಚೇಂಜ್
ಅದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ)ಗೂ ಕತ್ತರಿ ಹಾಕಿದೆ. ಮೊದಲು ಸಾರ್ವಜನಿಕ ಹಿತ ಇದ್ದರೆ ಕೊಡಬೇಕು ಅನ್ನೋ ಮಾತು ಅಲ್ಲೇ ಇತ್ತು. ಈಗ "ವೈಯಕ್ತಿಕ ಮಾಹಿತಿ" ಅಂದರೆ ಸಾಕು, ಅರ್ಜಿ ತಿರಸ್ಕಾರ. ಅಧಿಕಾರಿಯ ಖಾಸಗಿತನಕ್ಕೆ ಗೋಡೆ ಕಟ್ಟಿ, ನಮ್ಮ ಗೋಡೆಗೆ ಕಿಂಡಿ ಕೊರೆದ ಹಾಗಾಯ್ತು.

ಪತ್ರಿಕೆ ಓದುಗ
8(2) ಇನ್ನೂ ಉಳಿದಿದೆ ಸರ್, ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು. ಆದರೂ ಹೋರಾಟದ ದಾರಿ ಉದ್ದ ಆಯ್ತು, ನಿಜ.

ಮಲಪ್ರಭಾ ದಂಡಿ
ಮಾತು ಬ್ಯಾರೆ ಕಡೆ ಹೊಂಟೈತಿ, ಆದ್ರೂ ಕೇಳತೇನಿ. ಲಾಡ್ಜಿನ್ಯಾಗ, ಸಿಮ್ ಅಂಗಡ್ಯಾಗ ಆಧಾರ್ ಜೆರಾಕ್ಸ್ ಕೊಡಬೇಕಾ ಬ್ಯಾಡಾ?

ನೆಟ್‌ವರ್ಕ್ ಹುಡುಗ
ಗುರುತು ತೋರಿಸಿದರೆ ಸಾಕಾಗೋ ಕಡೆ ಮಾಸ್ಕ್ಡ್ ಆಧಾರ್ ಕೊಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತೆ. ಆಧಾರ್ ಕೊಡೋ ಸಂಸ್ಥೆ ಯುಐಡಿಎಐನ ಸೈಟಿನಲ್ಲೇ ಇಳಿಸ್ಕೊಳ್ಳಬಹುದು. ಬೆರಳಚ್ಚು ಬಳಸಿ ದುಡ್ಡು ತೆಗೆಯೋ ಮೋಸ ತಪ್ಪಿಸೋಕೆ ಬಯೋಮೆಟ್ರಿಕ್ ಲಾಕ್ ಹಾಕಿಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರದ್ದನ್ನ ಮೊದಲು.

ಹೈಸ್ಕೂಲ್ ಮೇಡಂ
ಎಲ್ಲ ಓದಿದೆ, ಎರಡು ಸಲ. ಈ ಎಳೆಯನ್ನ ತಮ್ಮನಿಗೂ ಕಳಿಸಿದ್ದೆ, ನಿನ್ನೆ ರಾತ್ರಿ ಫೋನ್ ಮಾಡಿದ. ಡ್ಯೂಟಿಗೆ ಹೋಗುವಾಗ ಅವನ ಫೋನನ್ನ ಗೇಟಿನಲ್ಲಿ ಪೆಟ್ಟಿಗೆಗೆ ಹಾಕಿ ಟೋಕನ್ ತಗೋಬೇಕಂತೆ. "ನಿನಗೆ ಮುಚ್ಚಿಡೋಕೆ ಏನಿದೆ?" ಅಂತ ಕೇಳಿದೆ. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ "ಅದು ನನ್ನೊಬ್ಬನ ವಿಷಯ ಅಲ್ಲ ಅಕ್ಕಾ, ಎಲ್ಲರ ಜೀವದ ಪ್ರಶ್ನೆ" ಅಂದ. ನಾನು ಹೇಳ್ತಿರೋದೂ ಎಲ್ಲರ ವಿಷಯವೇ ಅಂದೆ. ಪೂರ್ತಿ ಒಪ್ಪಿಲ್ಲ. ನ್ಯಾಯಾಧೀಶರ ಸಹಿ ವಿಷಯ ಮಾತ್ರ "ತುರ್ತಿಗೆ ದಾರಿ ಇದ್ದರೆ ನನ್ನ ಅಡ್ಡಿ ಇಲ್ಲ" ಅಂದ.

ಇವತ್ತು ಕ್ಲಾಸಿನಲ್ಲಿ ಪುಟ್ಟಸ್ವಾಮಿಯವರ ಕಥೆ ಹೇಳಿದೆ. ಆ ಹುಡುಗಿ ಮತ್ತೆ ಎದ್ದಳು. "ಮಿಸ್, ನಮ್ಮ ಫೋನ್ ಕೇಳಿದ್ದಾರೆ ಅಂತ ನಮಗೆ ಹೇಗೆ ಗೊತ್ತಾಗುತ್ತೆ?"

ಕಪ್ಪುಕೋಟು
ಗೊತ್ತಾಗಲ್ಲ ಅಂತ ಹೇಳಿ, ಅದೇ ನಿಜ. ಗೊತ್ತಾಗೋದು ಸಾಮಾನ್ಯವಾಗಿ ಒಂದೇ ದಾರಿಯಲ್ಲಿ: ನಿಮ್ಮ ಮೇಲೆ ಕೇಸಾಗಿ, ಚಾರ್ಜ್‌ಶೀಟಿನ ಜೊತೆ ನಿಮ್ಮದೇ ಮಾತು ಅಚ್ಚಾಗಿ ಬಂದಾಗ. ಮುಂಬೈಯಲ್ಲಿ ಒಂದು ಲಂಚದ ಕೇಸಿನಲ್ಲಿ ಆರೋಪಿ ಹೀಗೇ ಹೈಕೋರ್ಟಿಗೆ ಹೋದರು. 2019ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಕದ್ದಾಲಿಕೆಯ ಮೂರೂ ಆದೇಶ ರದ್ದು ಮಾಡಿ, ರೆಕಾರ್ಡಿಂಗ್ ನಾಶ ಮಾಡಿ ಅಂತು. ಸಾರ್ವಜನಿಕ ಸುರಕ್ಷತೆಗೂ ಅದಕ್ಕೂ ಸಂಬಂಧ ಇರಲಿಲ್ಲ ಅನ್ನೋದೇ ಕಾರಣ. ಕೇಸೇ ಆಗದ, ಏನೂ ಸಿಗದೆ ಸುಮ್ಮನೆ ಬಿಟ್ಟ ಜನರಿದ್ದಾರಲ್ಲ, ಅವರಿಗೆ ಕೊನೇವರೆಗೂ ತಿಳಿಯಲ್ಲ. ಜರ್ಮನಿಯಲ್ಲಿ ಅಪಾಯ ಕಳೆದ ಮೇಲೆ ತಿಳಿಸಬೇಕು ಅನ್ನೋ ನಿಯಮ ಇದೆ, ನಮ್ಮಲ್ಲಿಲ್ಲ.

ಹೈಸ್ಕೂಲ್ ಮೇಡಂ
ನಾಳೆ ಎರಡನೇ ಪಿರಿಯಡ್ ಅವರದ್ದೇ ಕ್ಲಾಸು. ಹೀಗೇ ಹೇಳ್ತೀನಿ.